ಫಿಯಟ್ ವಿಮಾನದ ಮುಂದೆ ಹೇಳಿದ ಒಡಪು

ಹೇಸ್, ಲಂಡನ್
೧೨ ಅಕ್ಟೋಬರ್ ೨೦೨೫, ರವಿವಾರ

ಅಂಕಿತಾನ ಅಪ್ಪನವರಿಗೆ,

ಬಸಲಿಂಗವ್ವ ಮಾಡುವ ಶರಣು ಶರಣಾರ್ಥಿ. ನಾವೆಲ್ಲ ಇಲ್ಲಿ ಅರಾಮ ಇದ್ದೇವೆ, ನೀವೂ ಅರಾಮ ಇದ್ದೀರೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಾದರೂ ಏನಿದೆ? ಫೋನು ಮಾಡಿದರೆ ನಿಮಗೆ ಅರ್ಧ ಮಾತೂ ಕೇಳಿಸುವುದಿಲ್ಲ. ವಿಡಿಯೋದಲ್ಲಿ ಮಾತಾಡೋಣವೆಂದರೆ ಫೋನನ್ನು ಕಿವಿಗೇ ಒತ್ತಿ ಹಿಡಿಯುತ್ತೀರಿ; ಇಲ್ಲಿಗೆ ಬಂದಾಗಿನಿಂದ ನಾನು ನೋಡಿದ್ದು ನಿಮ್ಮ ಮುಖವನ್ನಲ್ಲ, ಕಿವಿಯ ಕೂದಲನ್ನು. ಸ್ಪೀಕರ್ ಹಾಕಿದರೆ ಓಣಿಯ ಜನವೆಲ್ಲ ನಮ್ಮ ಕಟ್ಟೆಗೆ ಬಂದು ಕೂಡುತ್ತಾರೆ. ಅವರ ಮುಂದೆ ಗಂಡ ಹೆಂಡತಿ ಏನು ಮಾತಾಡುವುದು? ಮಳೆ ಬಂತೇ, ಕೊತ್ತಂಬರಿ ತುಟ್ಟಿಯಾಯಿತೇ, ಅಷ್ಟೇ. ಅದಕ್ಕೇ ಈ ಕಾಗದ. ನಮ್ಮಿಂದ ಎರಡು ಮನೆ ಆಚೆ ಇರುವ ಬೆಳಗಾವಿಯ ಹುಡುಗ ಮಧುಸೂದನ್ ದೀಪಾವಳಿಗೆ ಊರಿಗೆ ಹೊರಟಿದ್ದಾನೆ. ಧಾರವಾಡಕ್ಕೆ ಬಂದು ನಿಮ್ಮ ಕೈಗೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾನೆ. ಸಂಜೆ ಬಂದು ಒಯ್ಯುತ್ತಾನಂತೆ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಅಳಿಯಂದಿರಿಂದ ಬರೆಸಿಟ್ಟಿದ್ದೇನೆ.

ಮೊಣಕಾಲು ಹೇಗಿದೆ? ಸಕ್ಕರೆಯ ಗುಳಿಗೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕು, ನೆನಪಾದಾಗ ಅಲ್ಲ. ಅಣ್ಣನ ಮಗನಾದರೂ ಶಶಿಧರ ನಿಮ್ಮನ್ನು ಹೊಟ್ಟೆಯ ಮಗನಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾನೆ, ಅವನ ಮನೆಯಿಂದ ಬಿಸಿ ರೊಟ್ಟಿ ಬರುತ್ತಿದೆ ಎಂದು ಕೇಳಿ ನನಗೆ ನಿಶ್ಚಿಂತೆ. ಆದರೂ ಅವರ ಮನೆಯ ಪಲ್ಲೆಯಲ್ಲಿ ಖಾರ ಹೆಚ್ಚು. ಮೊಸರು ಹಾಕಿಕೊಂಡು ಉಣ್ಣಿ. ಇನ್ನು ನನ್ನ ಸವತಿ ಹೇಗಿದ್ದಾಳೆ? ಬೆಳಿಗ್ಗೆ ಎದ್ದ ಕೂಡಲೇ ಅವಳ ಮೈ ಒರೆಸುವುದು, ಬಾನೆಟ್ ಎತ್ತುವುದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಕೆಯನ್ನು ಕಿವಿಗೆ ಹಚ್ಚಿ ಡಾಕ್ಟರರ ಹಾಗೆ ಕಣ್ಣು ಮುಚ್ಚಿ ನಿಲ್ಲುವುದು, ಇವೆಲ್ಲ ನಡೆದಿವೆ ತಾನೇ? ಇಷ್ಟು ವರ್ಷ ನಿಮ್ಮ ಆ ಫಿಯಟ್ಟಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಈಗ ಅದನ್ನೂ ನೋಡಬೇಕೆನಿಸುತ್ತದೆ.

ಮೊಮ್ಮಗಳು ಧೃತಿಗೆ ನಿಮ್ಮದೇ ಹಣೆ, ನಿಮ್ಮದೇ ಹಟ. ನಾನು ಎಣ್ಣೆ ಹಚ್ಚಿ ನೀರು ಹಾಕಿದರೆ ಓಣಿಗೆಲ್ಲ ಕೇಳುವಂತೆ ಚೀರುತ್ತಾಳೆ, ಆಮೇಲೆ ಮಧ್ಯಾಹ್ನದವರೆಗೆ ಮಿಸುಕುವುದಿಲ್ಲ. ಹೀಥ್ರೂದಿಂದ ಎದ್ದ ವಿಮಾನಗಳು ನಮ್ಮ ಹಂಚಿನ ಮೇಲೆಯೇ ಹೋಗುತ್ತವೇನೋ ಅನ್ನಿಸುವಷ್ಟು ಸದ್ದು, ಅದಕ್ಕೆಲ್ಲ ಅವಳಿಗೆ ಎಚ್ಚರವಾಗುವುದಿಲ್ಲ. ನಾನು ರೊಟ್ಟಿ ಸುಟ್ಟಾಗ ಹೊಗೆಗೆ ಕಿರುಚುವ ಡಬ್ಬಿಯೊಂದು ಛಾವಣಿಗೆ ಅಂಟಿಕೊಂಡಿದೆ, ಅದಕ್ಕೆ ಮಾತ್ರ ಬೆಚ್ಚಿಬೀಳುತ್ತಾಳೆ. ಹಾಗಾಗಿ ಈಗ ಅಳಿಯ ನಿತೀಶ ಅವರು ಬಾಗಿಲು ತೆರೆದು ಟವೆಲ್ ಬೀಸುತ್ತಾರೆ, ನಾನು ರೊಟ್ಟಿ ಬಡಿಯುತ್ತೇನೆ. ಅತ್ತೆಯ ರೊಟ್ಟಿಗೆ ಅಳಿಯನ ಗಾಳಿ ಎಂದು ಅಂಕಿತಾ ನಗುತ್ತಾಳೆ.

ಅವರ ಕಾರು ಹೊಸದು, ಸದ್ದೇ ಇಲ್ಲ, ಒಳ್ಳೆಯದೇ. ಆದರೆ ಮುಂದಿನ ಎರಡು ಸೀಟುಗಳ ನಡುವೆ ಒಂದು ದೊಡ್ಡ ಕಟ್ಟೆ. ಅದರಲ್ಲಿ ಲೋಟ ಇಡಲು ತೂತು, ಫೋನು ಇಡಲು ತೂತು. ಅಂಕಿತಾ ಒಂದು ಕಡೆ, ಅವರೊಂದು ಕಡೆ, ನಡುವೆ ಕಟ್ಟೆ. ಹಿಂದೆ ಕೂತು ನೋಡಿದಾಗಲೆಲ್ಲ ನನಗೆ ನಮ್ಮ ಗಾಡಿ ನೆನಪಾಗುತ್ತದೆ. ಗೇರು ಸ್ಟೇರಿಂಗಿನ ಕೊರಳಿಗೇ ಇದ್ದದ್ದರಿಂದ, ಮುಂದಿನ ಸೀಟು ಮಂಚದಂತೆ ಉದ್ದಕ್ಕೆ ಒಂದೇ ಇದ್ದದ್ದರಿಂದ, ನಮ್ಮ ನಡುವೆ ಏನೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಬಾಗಿಲಿಗೆ ಅಂಟಿಕೊಂಡು ಕೂತಿದ್ದೆ. ತೇಗೂರ ದಾಟುವಷ್ಟರಲ್ಲಿ ನೀವು ಬೇಕೆಂದೇ ಬಲಕ್ಕೆ ಜೋರಾಗಿ ತಿರುಗಿಸಿದಿರಿ, ಬಾಗಿಲು ಸಡಿಲ ಐತಿ, ಇತ್ತ ಸರಿ ಎಂದಿರಿ. ಆ ಬಾಗಿಲು ಸಡಿಲವಿರಲಿಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು, ಆದರೂ ಸರಿದೆ.

ಈಚಿನ ವರ್ಷಗಳಲ್ಲಿ ಆ ಸೀಟಿನಲ್ಲಿ ನನಗೊಂದು ಕೆಲಸವೂ ಸಿಕ್ಕಿತ್ತಲ್ಲ. ನಿಮ್ಮ ಎಡಗಿವಿ ಹೋಯಿತು, ಬಲಗಿವಿಯನ್ನೂ ಬಹಳ ದಿನ ನಂಬಬೇಡಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ಮೇಲೆ, ಹಿಂದೆ ಲಾರಿಯವನು ಹಾರ್ನ್ ಹೊಡೆದರೆ ನಾನು ನಿಮ್ಮ ಎಡತೋಳು ತಟ್ಟುತ್ತಿದ್ದೆ. ನೀವು ಏನೂ ಆಗದವರ ಹಾಗೆ ದಾರಿ ಬಿಡುತ್ತಿದ್ದಿರಿ. ಇದನ್ನು ನಾವಿಬ್ಬರೂ ಒಮ್ಮೆಯೂ ಮಾತಾಡಿಕೊಂಡಿಲ್ಲ. ಅಂಕಿತಾನಿಗೂ ಗೊತ್ತಿಲ್ಲ.

ಹೋದ ವಾರ ಶಶಿಧರ ಫೋನಿನಲ್ಲಿ ನಿಮ್ಮ ಎರಡು ಮಾತು ಮುಟ್ಟಿಸಿದ. ಬೆಂಗಳೂರಿನ ಯಾರೋ ಹಳೆಯ ಗಾಡಿಗಳನ್ನು ಕೂಡಿಸುವವರು ದೀಪಾವಳಿ ಕಳೆದ ಮೇಲೆ ಬಂದು ಫಿಯಟ್ ಒಯ್ಯುತ್ತಾರೆ, ನೀವು ಹೂಂ ಎಂದಿದ್ದೀರಿ. ಎರಡನೆಯದು, ನಾನು ನವೆಂಬರಿನಲ್ಲಿ ಬರುವ ಅವಸರ ಮಾಡಬೇಕಿಲ್ಲ, ವೀಸಾ ಮುಗಿಯುವ ಜನವರಿಯವರೆಗೆ ಇಲ್ಲೇ ಇರಬಹುದು. ಅಂಕಿತಾನಿಗೆ ಹಾಲು ಕುಡಿದಷ್ಟು ಖುಷಿ. ಮುಂದಿನ ತಿಂಗಳು ಅವಳು ಕೆಲಸಕ್ಕೆ ಹೋಗಬೇಕು, ಚಳಿ ಬೇರೆ, ಮಗುವನ್ನು ಯಾರ ಕೈಗೆ ಕೊಡುವುದು ಎಂದು ದಿನಾ ಚಿಂತೆ ಮಾಡುತ್ತಿದ್ದಳು. ಟಿಕೆಟ್ ಮುಂದಕ್ಕೆ ಹಾಕಿಸೋಣ ಎಂದು ಕುಣಿದಳು. ನಾನೂ ಆಗಲಿ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಶಶಿಧರ ನಗುತ್ತ ಇನ್ನೊಂದು ಹೇಳಿದ. "ಕಾಕೂ, ಮೊನ್ನೆ ಗಾಡಿ ಚಾಲೂನ ಇತ್ತು, ಕಾಕಾ ಮತ್ತ ಸ್ಟಾರ್ಟರ್ ಹೊಡದ್ರು. ಕರ್ ಅಂತ ಚೀರಿತು. ಅವರಿಗೆ ಕೇಳಿಸಲೇ ಇಲ್ಲ, ಮತ್ತೊಮ್ಮೆ ಹೊಡದ್ರು."

ಅವನಿಗೆ ಅದು ತಮಾಷೆ. ನನಗಲ್ಲ. ಮೂರನೆಯ ಓಣಿಯಲ್ಲಿ ಗಾಡಿ ತಿರುಗಿದರೆ ಅದರ ಯಾವ ವಾಲ್ವು ಕೆಮ್ಮುತ್ತಿದೆ ಎಂದು ಊಟದ ತಾಟಿನ ಮುಂದೆ ಕೂತು ಹೇಳುತ್ತಿದ್ದವರು ನೀವು. ಗಾಡಿ ಯಾಕೆ ಮಾರುತ್ತಿದ್ದೀರಿ, ನನ್ನನ್ನು ಯಾಕೆ ದೂರವೇ ಇರು ಎನ್ನುತ್ತಿದ್ದೀರಿ, ಎರಡೂ ನನಗೆ ಆಗಲೇ ತಿಳಿಯಿತು. ಅರ್ಧ ಮಾತು ಕೇಳಿಸದಿದ್ದದ್ದು ಫೋನಿನ ತಪ್ಪಲ್ಲ; ಬಲಗಿವಿಯೂ ಹೊರಟಿದೆ, ಅದು ನನಗೆ ಗೊತ್ತಾಗಬಾರದು. ಮೊದಲಿನಿಂದಲೂ ನಿಮ್ಮದು ಇದೇ ಬುದ್ಧಿ. ಸಿಟ್ಟು ಬಂದಿದೆ, ಸುಳ್ಳು ಹೇಳುವುದಿಲ್ಲ.

ಈಗ ಮಹಾನವಮಿಯ ಖಂಡೇಪೂಜೆಯ ದಿನದ್ದನ್ನು ಹೇಳಬೇಕು. ಶಶಿಧರನ ಫೋನು ಬರುವುದಕ್ಕಿಂತ ಮೊದಲಿನ ಮಾತಿದು. ಬೆಳಿಗ್ಗೆ ಅಳಿಯಂದಿರ ಕಾರಿಗೆ ಕುಂಕುಮ ಹಚ್ಚಿ, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟೆ. ಅವರಿಗೆ ರಜೆ ಇತ್ತು. "ಬರ್ರಿ ಅತ್ತೀ, ಮಾವನವರ ವಿಮಾನ ತೋರಸ್ತೇನಿ" ಎಂದು ಎಲ್ಲರನ್ನೂ ಕೂಡಿಸಿಕೊಂಡು ಕಾಲಿಂಡೇಲ್ ಎಂಬಲ್ಲಿಗೆ ಒಯ್ದರು. ಅಲ್ಲಿ ಹಳೆಯ ಯುದ್ಧವಿಮಾನಗಳ ಸಂಗ್ರಹಾಲಯವಿದೆ. ನಮ್ಮ ಧಾರವಾಡದ ಸಂತೆಯಷ್ಟು ಅಗಲದ ಕೋಣೆಗಳು. ಒಂದರಲ್ಲಿ ಒಂದರ ಮೇಲೊಂದು ಎರಡು ರೆಕ್ಕೆಯ ಪುಟ್ಟ ವಿಮಾನ, ಹಳದಿ ಮೈ ತುಂಬ ಹಸಿರು ಚುಕ್ಕೆ, ಒಗ್ಗರಣೆ ಸಿಡಿದ ಹಾಗೆ. ಫಲಕದಲ್ಲಿ ಫಿಯಟ್ ಎಂದು ಬರೆದಿತ್ತು. ಆ ನಾಲ್ಕು ಇಂಗ್ಲಿಷ್ ಅಕ್ಷರ ನನಗೆ ಚೆನ್ನಾಗಿ ಗೊತ್ತು, ಎಷ್ಟು ಸಲ ಒರೆಸಿಲ್ಲ.

ಬಾಡಿಗೆಗೆ ಹತ್ತಿದ ಪ್ರತಿ ಗಿರಾಕಿಗೂ ನೀವು ಹೇಳುತ್ತಿದ್ದಿರಿ: ಇದು ಮುಂಬೈಯಲ್ಲಿ ಜೋಡಿಸಿದ ಗಾಡಿಯಾದರೂ ಇದರ ತವರು ಇಟಲಿಯ ಟ್ಯೂರಿನ್, ಇದನ್ನು ಮಾಡಿದ ಮನೆತನ ವಿಮಾನವನ್ನೂ ಮಾಡಿದೆ, ರೇಸಿನ ಗಾಡಿಯನ್ನೂ ಮಾಡಿದೆ, ಅವರ ಕಾರ್ಖಾನೆಯ ಮಾಳಿಗೆಯ ಮೇಲೆ ಕಾರು ಓಡಿಸುವ ರಸ್ತೆ ಇತ್ತು. ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಾರೆ, ಕಾರು ಓಡಿಸುತ್ತಾರೆಯೇ? ಅಳಿಯಂದಿರು ಅಲ್ಲೇ ನಿಂತು ಫೋನಿನಲ್ಲಿ ಅದರ ಫೋಟೋ ಹುಡುಕಿ ತೋರಿಸಿದರು. ಮಾಳಿಗೆಯ ಮೇಲೆ ರಸ್ತೆ, ಎರಡೂ ತುದಿಗೆ ಬಾಣಲೆಯ ಅಂಚಿನಂತೆ ಎದ್ದ ತಿರುವು, ಅದರ ಮೇಲೆ ಕಾರು. ನೀವು ಹೇಳಿದ್ದು ಒಂದೂ ಸುಳ್ಳಲ್ಲ. ಸೋತೆ ಎಂದು ಊರೆಲ್ಲ ಸಾರಬೇಡಿ ಮತ್ತೆ.

ಆ ವಿಮಾನ ಯುದ್ಧದಲ್ಲಿ ಈ ದೇಶದ ಮೇಲೆ ಬಂದಿತ್ತಂತೆ. ಎಣ್ಣೆಯ ಕೊಳವೆ ಕೈಕೊಟ್ಟು ಸಮುದ್ರದ ದಂಡೆಯ ಕಲ್ಲುಗಳ ಮೇಲೆ ಇಳಿಯಬೇಕಾಯಿತಂತೆ. ನಮ್ಮ ಗಾಡಿಗೂ ಅದೇ ರೋಗ, ಕಿತ್ತೂರಿನ ಹತ್ತಿರ ಎಣ್ಣೆ ಸೋರಿ ಬೇವಿನ ಮರದ ಕೆಳಗೆ ಇಡೀ ಮಧ್ಯಾಹ್ನ ಕೂತಿದ್ದೆವಲ್ಲ. ನಾವು ಸಂಜೆಗೆ ಮನೆ ಮುಟ್ಟಿದೆವು. ಅದು ಮುಟ್ಟಲಿಲ್ಲ. ಟ್ಯೂರಿನ್ನಿನಲ್ಲಿ ಹುಟ್ಟಿದ್ದು ಈ ಊರಿನಲ್ಲೇ ನಿಂತುಬಿಟ್ಟಿದೆ, ಚೆನ್ನಾಗಿ ನೋಡಿಕೊಂಡಿದ್ದಾರೆ, ಧೂಳೂ ಇಲ್ಲ. ಆದರೂ ನೋಡುತ್ತ ನೋಡುತ್ತ ನನಗೆ ಊರು ನೆನಪಾಯಿತು.

ಧೃತಿ ಅತ್ತಳೆಂದು ಅವರಿಬ್ಬರೂ ಅವಳನ್ನು ಎತ್ತಿಕೊಂಡು ಹೋದರು. ನಾನೊಬ್ಬಳೇ ಉಳಿದೆ. ಪರ್ಸಿನಲ್ಲಿ ಪೂಜೆಯ ಕುಂಕುಮ ಉಳಿದಿತ್ತು. ವಿಮಾನ ಮುಟ್ಟುವ ಹಾಗಿಲ್ಲ, ಮುಂದೆ ಕಟಕಟೆ ಇದೆ. ಖಂಡೇಪೂಜೆಯ ದಿನ ಬರಿಗೈಯಲ್ಲಿ ಹೇಗೆ ಬರುವುದೆಂದು ಕಟಕಟೆಯ ಕಂಬಕ್ಕೇ ಒಂದು ಬೊಟ್ಟು ಇಟ್ಟು ಕೈ ಮುಗಿದೆ. ಅಲ್ಲಿ ಕೆಲಸ ಮಾಡುವ ಒಬ್ಬ ಬಿಳಿಯ ಅಜ್ಜ ಹತ್ತಿರ ಬಂದರು. ಬೈಯುತ್ತಾರೆಂದು ನನಗೆ ಬೆವರು. ಫಿಯಟ್, ಹಸ್ಬೆಂಡ್, ಡ್ರೈವರ್ ಎಂದು ನನಗೆ ಬರುವ ಮೂರು ಶಬ್ದ ಹೇಳಿ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸಿ ತೋರಿಸಿದೆ. ಅವರ ಮುಖ ಅರಳಿತು. ನಿಮ್ಮ ಗಂಡನ ಹೆಸರೇನು ಎಂದು ಕೇಳಿದರು. ಅಷ್ಟು ಇಂಗ್ಲಿಷ್ ನನಗೆ ಅರ್ಥವಾಗುತ್ತದೆ.

ನಿಮಗೆ ಗೊತ್ತಿದೆ, ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ನನ್ನ ತಲೆಯಲ್ಲಿ ತುಂಬಿದ್ದಳು. ಹೇಳಲೇಬೇಕಾದರೆ ಒಡಪಿನಲ್ಲಿ ಕಟ್ಟಿ ಹೇಳಬೇಕು. ಓಣಿಯ ಮದುಮಕ್ಕಳಿಗೆಲ್ಲ ಒಡಪು ಕಟ್ಟಿ ಕೊಟ್ಟವಳು ನಾನು. ನಮ್ಮ ಮದುವೆಯಲ್ಲಿ ಮಾತ್ರ ನಾಚಿಕೆಗೆ ಬಾಯಿ ಬರಲಿಲ್ಲ. ಅಂದಿನಿಂದ ನಿಮ್ಮದು ಒಂದೇ ಮಾತು, "ಒಮ್ಮೆರೆ ನನ್ನ ಹೆಸರ ಹೇಳ, ಕೇಳೂಣು." ನನ್ನದೂ ಒಂದೇ ಮಾತು, "ಹೇಳೂಣಂತ, ಅವಸರ ಏನೈತಿ." ಇಷ್ಟು ವರ್ಷ ಅದೇ ಆಯಿತು.

ಅಲ್ಲಿ, ಆ ಅಜ್ಜನ ಮುಂದೆ, ಒಡಪು ತಾನಾಗಿ ಬಂತು.

ಮುಗಿಲಾಗ ಹಾರಿತ್ತ ಫಿಯಟ್ ವಿಮಾನ,
ನೆಲದಾಗ ಓಡತೈತಿ ಅದರ ಸಂತಾನ,

ಮೂರನೆಯ ಸಾಲಿನಲ್ಲಿ ನಿಮ್ಮ ಹೆಸರಿದೆ. ಹೇಳಿ ಮುಗಿಸಿದೆ. ಅಜ್ಜ ತಲೆ ಬಾಗಿಸಿ, ಕಿವಿಯೊಳಗಿನ ಸಣ್ಣ ಮಿಷನ್ನನ್ನು ಬೆರಳಿನಿಂದ ಸರಿಪಡಿಸಿಕೊಂಡು, ಇನ್ನೊಮ್ಮೆ ಹೇಳಿರಿ ಎಂದು ಸನ್ನೆ ಮಾಡಿದರು. ಗಟ್ಟಿಯಾಗಿ ಹೇಳಿದೆ. ಆ ದೊಡ್ಡ ಕೋಣೆಯಲ್ಲಿ ನಿಮ್ಮ ಹೆಸರು ಆ ಗೋಡೆಗೆ ಹೋಗಿ ನನ್ನ ಕಡೆ ತಿರುಗಿ ಬಂತು. ನನ್ನ ದನಿಯಲ್ಲಿ ನಿಮ್ಮ ಹೆಸರನ್ನು ನಾನೇ ಎಂದೂ ಕೇಳಿರಲಿಲ್ಲ. ಅತ್ತುಬಿಟ್ಟೆ. ಅವರು ಪಾಪ ಗಾಬರಿಯಾಗಿ ಕುರ್ಚಿ ತಂದರು.

ಆ ದಿನ ಅದು ಬರೀ ನೆನಪಿನ ಅಳು ಎಂದುಕೊಂಡಿದ್ದೆ. ಶಶಿಧರನ ಫೋನು ಬಂದ ಮೇಲೆ ಬೇರೆಯೇ ಆಯಿತು. ನೀವು ಇಷ್ಟು ವರ್ಷ ಕೇಳಿದ್ದನ್ನು ಮೊದಲು ಕೇಳಿಸಿಕೊಂಡವರು ನೀವಲ್ಲ, ಅರ್ಥವೂ ಆಗದ ಯಾರೋ ಒಬ್ಬರು. ಇದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಆದರೆ ಮಗುವಿನ ಮುಖ ನೋಡಿದರೆ ಕಾಲು ಏಳುವುದಿಲ್ಲ. ಅಂಕಿತಾ ಟಿಕೆಟ್ಟಿನವರಿಗೆ ನಾಳೆ ಫೋನು ಮಾಡುತ್ತೇನೆ ಎನ್ನುತ್ತಿದ್ದಾಳೆ. ನೀವೂ ಇರು ಎಂದಿದ್ದೀರಿ. ಏನು ಮಾಡಬೇಕೋ ತಿಳಿಯದೆ ಈ ಕಾಗದವನ್ನು ಉದ್ದ ಮಾಡುತ್ತಿದ್ದೇನೆ.

ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ. ಶಶಿಧರನ ಮನೆಯವರಿಗೆಲ್ಲ ನನ್ನ ಶರಣು ತಿಳಿಸಿ. ಧೃತಿಯ ಕಾಲು ಅಜ್ಜನ ಕಡೆಗೇ ಒದೆಯುತ್ತಿದೆ, ಅದನ್ನೇ ಅವಳ ನಮಸ್ಕಾರ ಎಂದು ತಿಳಿಯಿರಿ.

ನಿಮ್ಮ ಬಾಜೂಕಿನ ಸೀಟಿನವಳು,
ಬಸಲಿಂಗವ್ವ

ತಾ.ಕ.: ಮಧುಸೂದನ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಈಗಷ್ಟೇ ಅಡುಗೆಮನೆಗೆ ಹೋಗಿ ಅಂಕಿತಾನಿಗೆ ಹೇಳಿ ಬಂದೆ, ಟಿಕೆಟ್ ಬದಲಿಸಬೇಡ, ನವೆಂಬರಿಗೇ ಹೋಗುತ್ತೇನೆ ಎಂದು. ಮುಖ ಸಣ್ಣದು ಮಾಡಿಕೊಂಡಳು. ನಿಮ್ಮ ಕಿವಿಯ ವಿಷಯ ಹೇಳಿದೆ, ಆಮೇಲೆ ಬಂದು ನನ್ನ ಕೈ ಹಿಡಿದಳು. ಬೆಂಗಳೂರಿನವರಿಗೆ ಇಲ್ಲವೆಂದು ತಿಳಿಸಿ, ಗಾಡಿ ಕೊಡಬೇಡಿ. ನಾನು ಬರುವವರೆಗೆ ಅದನ್ನು ರಸ್ತೆಗೂ ಇಳಿಸಬೇಡಿ, ಎಡತೋಳು ತಟ್ಟುವವರು ಅಲ್ಲಿಲ್ಲ. ಶಶಿಧರನನ್ನು ಕರೆದುಕೊಂಡು ಡಾಕ್ಟರರ ಕಡೆ ಹೋಗಿ ಆ ಅಜ್ಜನಂಥದೇ ಒಂದು ಮಿಷನ್ ಕಿವಿಗೆ ಹಾಕಿಸಿಕೊಳ್ಳಿ, ಹಟ ಬೇಡ. ಮೂರನೆಯ ಸಾಲನ್ನು ಇಲ್ಲಿ ಬರೆಯುವುದಿಲ್ಲ. ಆ ಬಲಗಿವಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ನನಗಾಗಿ ಇಟ್ಟಿರಿ; ನಾನು ಈ ಸಲ ನಿಮ್ಮ ಬಲಕ್ಕೆ ಕೂಡುತ್ತೇನೆ.