ಅಕ್ಕನ ಮುಖದ ಗೊಂಬೆ

ಹಾನ್ ನದಿಯ ದಂಡೆ, ಗೊಂಬೆಯವರ ಕೇರಿ
ನಾಲ್ಕನೆಯ ತಿಂಗಳು, ಹುಣ್ಣಿಮೆ ಕಳೆದು ಮೂರನೆಯ ದಿನ

ಪ್ರೀತಿಯ ಶೆನ್ ಅಣ್ಣನಿಗೆ,

ತಂಗಿ ಪೆಯ್ ಮಾಡುವ ನಮಸ್ಕಾರ. ಅಕ್ಷರಗಳು ಸೊಟ್ಟಗಿವೆ, ತಪ್ಪುಗಳೂ ಇರಬಹುದು, ಬೇಸರಿಸಬೇಡ. ಗೊಂಬೆಗಳ ಅಂಗಾಲಿನಲ್ಲಿ ಹೆಸರು ಬರೆಯಲು ಅಪ್ಪ ಕಲಿಸಿದಷ್ಟೇ ನನಗೆ ಗೊತ್ತು. ಇಷ್ಟು ದಿನ ಬರೆಯದ್ದಕ್ಕೂ ಕ್ಷಮಿಸು. ಗಡಿಯ ಕಡೆ ಹೋಗುವವರು ಸಿಕ್ಕಾಗಲೂ ಕೈ ಏಳಲಿಲ್ಲ.

ಚಳಿಗಾಲದ ಅಂಗಿ ತಲುಪಿತೇ? ಅದನ್ನು ಹೊಲಿದವಳು ರುವೊ ಅಕ್ಕ.

ಅಣ್ಣ, ನಮ್ಮ ರಾಜರು ತೀರಿಕೊಂಡರು. ಅವರ ಜೊತೆ ಸಮಾಧಿಗೆ ಅಕ್ಕನನ್ನೂ ಕಳಿಸಿದರು.

ಹಿಂದಿನ ರಾಜರ ಕಾಲದಿಂದ ಮನುಷ್ಯರ ಬದಲು ನಮ್ಮ ಗೊಂಬೆಗಳೇ ಹೋಗುತ್ತಿದ್ದವಲ್ಲ. ಈ ಸಲ ಕೆತ್ತಬೇಕಿದ್ದದ್ದು ವಾದ್ಯದವರ ಗೊಂಬೆ ಇಪ್ಪತ್ತು, ದೀಪ ಹಿಡಿಯುವವಳದು ಒಂದು. ದೀಪದವಳನ್ನು ಕೆತ್ತಲು ಅಪ್ಪ ಮೊದಲ ಸಲ ನನಗೆ ಬಿಟ್ಟರು. ನಾನು ಅಕ್ಕನನ್ನೇ ಎದುರಿಗೆ ಕೂರಿಸಿಕೊಂಡೆ.

“ಏನೇ ಇದು, ನನ್ನ ಮೂಗಿಗೇ ಅರ್ಧ ಮರ ಖರ್ಚು ಮಾಡ್ಬಿಟ್ಯಲ್ಲೇ!” ಎಂದು ನಕ್ಕಳು. ತನ್ನ ಜಡೆಯನ್ನೇ ಕತ್ತರಿಸಿ ಗೊಂಬೆಗೆ ಕೊಟ್ಟಳು. “ನಂದು ಮತ್ತೆ ಬೆಳೆಯತ್ತೆ ಬಿಡೇ.”

ಆಗ ಕಾಯಿಲೆಯಲ್ಲಿದ್ದ ರಾಜರು ಪಲ್ಲಕ್ಕಿಯಲ್ಲಿ ಬಂದು ಗೊಂಬೆಗಳನ್ನು ನೋಡಿದರು. ದೀಪದವಳ ಮುಂದೆ ಪಲ್ಲಕ್ಕಿ ಇಳಿಸಿದರು. “ಅರಮನೇಲಿ ಎಲ್ಲರೂ ನನ್ನ ನೋಡಿ ತಲೆ ತಗ್ಗಿಸ್ತಾರೆ. ಇವಳೊಬ್ಬಳೇ ನಗೋದು. ಇವಳನ್ನ ನನ್ನ ಜೊತೆ ಕಳ್ಸಿ. ಮರದವಳನ್ನಲ್ಲ, ಉಸಿರಾಡೋಳನ್ನ” ಎಂದರು.

ಅದಾದ ಆರನೆಯ ದಿನ ರಾಜರು ಪ್ರಾಣ ಬಿಟ್ಟರು. ಮರುದಿನವೇ ಅರಮನೆಯ ಅಧಿಕಾರಿ ನಮ್ಮ ಬಾಗಿಲಿಗೆ ಬಂದ. ಅಪ್ಪ ಅವನ ಕಾಲು ಹಿಡಿದುಕೊಂಡು, “ಇನ್ನೂ ನೂರು ಗೊಂಬೆ ಕೆತ್ತಿ ಕೊಡ್ತೀನಿ ಸ್ವಾಮಿ” ಎಂದರು.

“ಏಳಯ್ಯ ಮೇಲೆ,” ಎಂದ ಅವನು ಮೆಲ್ಲಗೆ. “ಅವರ ಬಾಯಿಂದ ಬಂದದ್ದನ್ನ ಹಿಂದಕ್ಕೆ ಹಾಕೋಕೆ ನಾನ್ಯಾರು? ಜೊತೆಗೆ ಹೋಗೋರಲ್ಲಿ ನನ್ನ ಹೆಸರು ಬರಲಿಲ್ಲ ಅಂತ ನಾನೇ ಉಸಿರು ಬಿಟ್ಕೊಂಡು ಕೂತಿದೀನಿ.”

ಅರಮನೆಯ ಹೆಂಗಸರು ಅಕ್ಕನಿಗೆ ರೇಷ್ಮೆ ಉಡಿಸಿದರು. ಅವಳ ಮೋಟು ಕೂದಲಿನಲ್ಲಿ ಮುಡಿಗೆ ಸಿಕ್ಕಿಸುವ ಬಂಗಾರದ ಕಡ್ಡಿ ನಿಲ್ಲದೆ ಮತ್ತೆ ಮತ್ತೆ ಜಾರುತ್ತಿತ್ತು. ಅಕ್ಕ ಅಳಲಿಲ್ಲ. “ಅಪ್ಪನ ನವಣೆ ಗಂಜಿಗೆ ಉಪ್ಪು ಕಮ್ಮಿ ಹಾಕೇ. ಶೆನ್‌ಗೆ ಈಗಲೇ ಹೇಳ್ಬೇಡ, ಕಾವಲಲ್ಲಿ ಮೈ ಮರೆತಾನು” ಎಂದಷ್ಟೇ ಹೇಳಿ ಹೋದಳು.

ಉಸಿರಾಡುವವಳು ಬಂದ ಮೇಲೆ ಇದೇಕೆಂದು ಗೊಂಬೆಯನ್ನು ನಮಗೇ ಹಿಂದಿರುಗಿಸಿದರು. ಅದು ಈಗ ಒಲೆಯ ಪಕ್ಕ, ಅಕ್ಕ ಕೂರುತ್ತಿದ್ದ ಜಾಗದಲ್ಲಿ ನಿಂತಿದೆ. ಅಪ್ಪ ಉಳಿ ಮುಟ್ಟುತ್ತಿಲ್ಲ.

ನಮ್ಮ ಹಿರಿಯರು ನಿನ್ನ ಬೆನ್ನಿಗಿರಲಿ. ಒಂದು ಬಾಣವೂ ನಿನ್ನನ್ನು ಮುಟ್ಟದಿರಲಿ.

ನಿನ್ನ ತಂಗಿ,
ಪೆಯ್

ನಾನು ಬರೆದ ಈ ಮರದ ಹಲಗೆಯ ಹಿಂಬದಿಯನ್ನೂ ಓದು ಅಣ್ಣ. “ಇದು ಯಾರ ಮುಖ?” ಎಂದು ಪಲ್ಲಕ್ಕಿ ಇಳಿಸಿದ ಕೂಡಲೇ ರಾಜರು ಕೇಳಿದಾಗ ಅಪ್ಪ, “ಯಾರದೂ ಅಲ್ಲ ಪ್ರಭು, ಸುಮ್ನೆ ಮನಸ್ಸಿಗೆ ಬಂದಿದ್ದು” ಎಂದಿದ್ದರು. ನಾಲ್ಕು ಜನರೆದುರು ಬಾಯಿ ಬಿಡದವಳು ನಾನು. ಅವತ್ತು ಮಾತ್ರ, “ಇಲ್ಲ ಪ್ರಭು, ನಮ್ಮ ಅಕ್ಕಂದು. ನಾನೇ ಕೆತ್ತಿದ್ದು” ಎಂದುಬಿಟ್ಟೆ. ರಾಜರು ಮೆಚ್ಚಲಿ ಎಂದು ಹೇಳಿದೆ. ಅಪ್ಪ ಇವತ್ತಿಗೂ ನನಗೆ ಒಂದು ಮಾತು ಬೈದಿಲ್ಲ.

ಬೆಳಿಗ್ಗೆ ಗೊಂಬೆಯ ಕೂದಲು ಸಿಕ್ಕಾಗಿತ್ತು. ಅಕ್ಕನ ಬಾಚಣಿಗೆಯಿಂದ ಬಾಚಿ, ಜಡೆ ಹೆಣೆದೆ.