ರಾಣಿಯ ಕೈಯಲ್ಲಿದ್ದ ಬಟ್ಟಲು

ಭಾನುವಾರ, ಮಧ್ಯಾಹ್ನ

ಕಡಲ ಮೇಲಿರುವ ನನ್ನಕ್ಕನಿಗೆ,

ಮೊದಲೇ ಹೇಳಿಬಿಡುತ್ತೇನೆ: ಅಮ್ಮ ಚೆನ್ನಾಗಿದ್ದಾಳೆ. ಇದನ್ನು ಇನ್ನೊಮ್ಮೆ ಓದಿಕೊಂಡು ಮುಂದೆ ಹೋಗು.

ನಾವು ಮೂವರೂ ವರ್ಷಗಟ್ಟಲೆ ಕಾದ ಕಾದಂಬರಿಯ ಕೊನೆಯ ಭಾಗ ಬಂತು. ಬಂದ ದಿನವೇ ಅಮ್ಮ ಹೊಲಿಗೆ ಅಂಗಡಿಗೆ ಬೀಗ ಹಾಕಿ, ಗಿರಾಕಿಗಳ ಬಟ್ಟೆಯನ್ನೆಲ್ಲ ಮೂಲೆಗೆ ತಳ್ಳಿ, ಕಾಲು ಚಾಚಿ ಕೂತುಬಿಟ್ಟಳು. ಒಂದು ಅಧ್ಯಾಯ ಅವಳು ಗಟ್ಟಿಯಾಗಿ ಓದಬೇಕು, ಇನ್ನೊಂದು ನಾನು. ಮುದಿ ರಾಜನಿಗೆ ವಿಷವಿಕ್ಕಿದ ಮಂತ್ರಿ ಈಗ ಎಳೆಯ ರಾಣಿಯ ಬೆನ್ನು ಹತ್ತಿದ್ದಾನೆ. ಅವನು ಬಾಯಿ ತೆರೆದಾಗಲೆಲ್ಲ ಅಮ್ಮ "ನರಿಮೂತಿಯೋನೆ!" ಎಂದು ಪುಟಕ್ಕೇ ಬೈಯುತ್ತಿದ್ದಳು. ಮನೆಯಲ್ಲಿ ಅಂಥ ಖುಷಿ ಕಂಡು ಎಷ್ಟು ಕಾಲವಾಗಿತ್ತು!

ಆದರೆ ಅವಳ ಉಸಿರು ಒಂದು ಪುಟಕ್ಕೂ ಸಾಲುತ್ತಿರಲಿಲ್ಲ. ಹೃದಯದ ವಾಲ್ವ್ ಕೆಟ್ಟಿದೆ, ತಡ ಮಾಡುವಂತಿಲ್ಲ ಎಂದರು ಡಾಕ್ಟರು. ನಿನಗೆ ತಿಳಿಸಕೂಡದೆಂದು ಅಮ್ಮ ನನ್ನಿಂದ ಆಣೆ ಮಾಡಿಸಿಕೊಂಡಳು. "ಎಂಜಿನ್ ರೂಮಲ್ಲಿ ಇರೋಳು, ಸುದ್ದಿ ಕೇಳಿದ್ರೆ ನಡುಗಡಲಲ್ಲೇ ಹಡಗು ತಿರುಗಿಸ್ತಾಳೆ" ಅಂದಳು.

ಹೋದ ವಾರ, ಆಪರೇಷನ್ನಿಗೆಂದು ಸ್ಟ್ರೆಚರ್ ಮೇಲೆ ಒಳಗೆ ಕರೆದೊಯ್ಯುವಾಗ, ಪುಸ್ತಕವನ್ನು ನನ್ನ ಕೈಗಿಟ್ಟಳು. "ನಾನು ಬರೋದ್ರೊಳಗೆ ಓದಿ ಮುಗಿಸು. ರಾಣಿ ಉಳೀತಾಳಾ ಇಲ್ವಾ ಹೇಳ್ಬೇಕು."

ಓದಿದೆ ಅಕ್ಕ. ಮೊದಮೊದಲು ಅಕ್ಷರ ತಲೆಗೇ ಹತ್ತಲಿಲ್ಲ. ಆಮೇಲೆ, ಹೇಳಲು ನಾಚಿಕೆ, ಎಲ್ಲಿ ಕೂತಿದ್ದೇನೆಂಬುದೇ ಮರೆತುಹೋಯಿತು. ಪಟ್ಟಾಭಿಷೇಕದ ಔತಣ. ರಾಣಿಯ ಮುಂದೆ ಎರಡು ಬಟ್ಟಲು, ಒಂದರಲ್ಲಿ ವಿಷ. ಯಾವುದರಲ್ಲೆಂದು ಬಲ್ಲ ದಾಸಿಯನ್ನು ಮಂತ್ರಿ ಕೂಡಿಹಾಕಿದ್ದಾನೆ. ರಾಣಿ ನಗುತ್ತಾ ಒಂದನ್ನು ಎತ್ತಿಕೊಂಡಳು. ಅಷ್ಟರಲ್ಲಿ ಆಪರೇಷನ್ ಥಿಯೇಟರಿನ ಬಾಗಿಲು ದಡಾರನೆ ತೆರೆದು ನರ್ಸೊಬ್ಬಳು ಓಡಿಬಂದಳು. ಏನಾಯಿತೆಂದು ಕೇಳಿದೆ. "ರಕ್ತ ಬೇಕು, ದಾರಿ ಬಿಡಿ" ಅಂದವಳೇ ಹೋಗಿ, ಚೀಲ ಹಿಡಿದು ವಾಪಸು ಓಡಿದಳು. ಬಾಗಿಲು ಮುಚ್ಚಿತು.

ಪುಟ ತಿರುಗಿಸಲು ಕೈ ಬರಲಿಲ್ಲ. ರಾಣಿ ಕುಡಿದುಬಿಟ್ಟರೆ ಒಳಗೆ ಅಮ್ಮನೂ... ಪೆದ್ದಿ ಅನ್ನು ಬೇಕಾದರೆ. ಪುಟದ ನಡುವೆ ಬೆರಳು ಸಿಕ್ಕಿಸಿಕೊಂಡು ಬಾಗಿಲನ್ನೇ ನೋಡುತ್ತಾ ಕೂತೆ. ಕೊನೆಗೂ ಡಾಕ್ಟರು ಹೊರಬಂದು, ಮಾಸ್ಕ್ ಕೆಳಗೆಳೆದು, "ಗಟ್ಟಿ ಜೀವ ಕಣಮ್ಮ ನಿಮ್ಮ ತಾಯಿದು" ಅಂದಾಗ ಬೆರಳು ಜೋಮು ಹಿಡಿದಿತ್ತು.

ಮರುದಿನ ಗಂಟಲಿನ ಕೊಳವೆ ತೆಗೆದರು. ಅವಳ ಮೊದಲ ಮಾತೇ "ರಾಣಿ?"

"ಉಳಿದ್ಲು ಅಮ್ಮ" ಅಂದೆ, ಓದದೆಯೇ. ಅವಳು ನನ್ನ ಕೈ ಒತ್ತಿ ಕಣ್ಣು ಮುಚ್ಚಿದಳು.

ಪುಸ್ತಕವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ; ರಾಣಿ ಏನಾದಳೆಂದು ನೀನೇ ಓದಿಕೋ. ಬಂದರಿನಲ್ಲಿ ಕೈಗೆ ಸಿಕ್ಕ ತಕ್ಷಣ ಫೋನ್ ಮಾಡು. ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನಲ್ಲ.

ನಿನ್ನ,
ಗುಬ್ಬಿ

ಹೇಳದೆ ಇರಲಾರೆ: ಇವತ್ತು ಬೆಳಿಗ್ಗೆ ನಾನು ಕೊನೆಯ ಅಧ್ಯಾಯ ಓದಲು ಕೂತರೆ, ಅಮ್ಮ ಹೊಲಿಗೆ ನೋಯದಂತೆ ಎದೆ ಹಿಡಿದುಕೊಂಡು ನಕ್ಕಳು. ಆಪರೇಷನ್ನಿನ ಹಿಂದಿನ ದಿನ ನಾನು ಔಷಧ ತರಲು ಹೋಗಿದ್ದಾಗಲೇ ಪೂರ್ತಿ ಓದಿಬಿಟ್ಟಿದ್ದಳಂತೆ. ಮತ್ಯಾಕೆ ನನ್ನನ್ನು ಕೇಳಿದೆ ಅಂದೆ. "ನಿನಗೂ ಒಂದು ಕೆಲಸ ಬೇಕಿತ್ತಲ್ಲೇ" ಅಂದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, ಮೆಲ್ಲಗೆ, "ವಾಪಸ್ ಬರ್ದೇ ಇದ್ರೆ ಅಂತ ಭಯ ಆಯ್ತು ಕಣೇ. ಇಷ್ಟು ವರ್ಷ ಕಾದು, ಏನಾಯ್ತು ಅಂತ ಗೊತ್ತಿಲ್ದೇ ಹೋಗೋಕಾಗುತ್ತಾ?" ಅಂದಳು.