ನಾಲ್ಕನ್ನು ನಲವತ್ತು ಎಂದ ಸಂಜೆ

ಮಾರ್ಚ್ ೧೪, ಗುರುವಾರ.

ಕೈಚೀಲ ಹೊಲಿದು ಮಾರುವ ಆ ಹುಡುಗಿಯ ಬಳಿ ಇರುವುದು ನಾಲ್ಕೇ ಹೊಲಿಗೆ ಯಂತ್ರ. ಇಂದು ಸಂಜೆ ನಮ್ಮ ದೇಶದವರೂ ಹೊರದೇಶದವರೂ ಇರುವ ನಮ್ಮ ವ್ಯಾಪಾರಿ ಸಂಘಕ್ಕೆ ಹೊಸ ಸದಸ್ಯರನ್ನು ಬರಮಾಡಿಕೊಳ್ಳುವಾಗ, ಅವಳನ್ನು ಪರಿಚಯಿಸಿದ ನಾನು ಅಕ್ಕರೆಯ ಭರದಲ್ಲಿ ನಲವತ್ತು ಎಂದುಬಿಟ್ಟೆ. ಹೊರದೇಶದ ಖರೀದಿದಾರನೊಬ್ಬ ಎದ್ದು ಬಂದು, ತಿಂಗಳೊಳಗೆ ಐದು ಸಾವಿರ ಕೈಚೀಲ ಬೇಕೆಂದ. ಅವಳು ನನ್ನ ಮುಖ ನೋಡಿ, "ಆಗಲಿ" ಎಂದಳು.

ಮೆಟ್ಟಿಲ ಬಳಿ ಕೇಳಿದೆ, "ಯಾಕಮ್ಮಾ ಒಪ್ಪಿಕೊಂಡೆ?"

"ಮತ್ತೇನ್ ಸರ್, ಅಷ್ಟು ಜನರೆದುರು ನಿಮ್ಮ ಮಾತು ಸುಳ್ಳು ಅನ್ಲಾ? ಉಳಿದ ಮೂವತ್ತಾರು ಮಷೀನು ನೀವೇ ತಂದ್ಕೊಡಿ" ಎಂದು ನಕ್ಕಳು. ಬೆರಳುಗಳು ಮಾತ್ರ ಎದೆಯ ಮೇಲಿನ ಹೊಸ ಸದಸ್ಯತ್ವದ ಬಿಲ್ಲೆಯನ್ನು ತಿರುಚುತ್ತಲೇ ಇದ್ದವು.

ನಾಳೆ ಬೆಳಿಗ್ಗೆ ಆ ಖರೀದಿದಾರ ಅವಳ ಯಂತ್ರಗಳನ್ನು ನೋಡಲು ಹೋಗುತ್ತಾನೆ. ಅದಕ್ಕೂ ಮೊದಲೇ ಫೋನ್ ಮಾಡಿ, ಸುಳ್ಳು ಹೇಳಿದವನು ನಾನು, ಅವಳಲ್ಲ ಎನ್ನಬೇಕು. ಆದರೆ "ಆಗಲಿ" ಎಂದವಳು ಅವಳೇ ಅಲ್ಲವೇ ಎಂದು ಅವನು ಕೇಳಿದರೆ? ಅದೂ ನನ್ನ ಮಾನ ಉಳಿಸಲೆಂದೇ ಎನ್ನುತ್ತೇನೆ.